ಕೆಂಪು ಬಂದರೆ ನಿಲ್ಲು

ಬೋರು ಕೊರೆಯುವ ಆ ಮನುಷ್ಯನಿಗೆ ಜನ ಬೈರಿಗೆ ಎಂದು ಅಡ್ಡಹೆಸರಿಟ್ಟಿದ್ದರು. ಕಲ್ಲನ್ನು ಕೊರೆದು ಬಂದು ಎದುರು ಕೂತವರ ತಲೆಯನ್ನೂ ಕೊರೆಯುತ್ತಿದ್ದನಲ್ಲ! ಕಣಿವೆಯ ಅಡಿಯಲ್ಲಿ ಏನಿದೆ ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಅವರ ಚಹಾ ತಣ್ಣಗಾದಂತೆಯೇ.

ವಿದ್ಯೆ ಅಪ್ಪನದು. ಅಪ್ಪ ಮಗಳನ್ನೂ ಮಗನನ್ನೂ ಎದುರಿಗೆ ಕೂರಿಸಿಕೊಂಡು, ಹಳೇ ಬೆಂಕಿಬೆಟ್ಟ ಉಗುಳಿದ ಲಾವಾ ಕಣಿವೆಯಡಿ ಹೇಗೆ ಪದರ ಪದರವಾಗಿ ಮಲಗಿದೆ ಎಂದು ಹೇಳುತ್ತಿದ್ದ. ತೆಳ್ಳಗೆ ಹರಿದ ಲಾವಾ ಆರುವಾಗ ಹಾಲಿನ ಕೆನೆಯ ಹಾಗೆ ಮಡಿಕೆ ಬೀಳುತ್ತದೆ. ಮಂದವಾದದ್ದು ಮುರಿದು, ಚೂಪುಗಲ್ಲಿನ ರಾಶಿಯಾಗಿ ಉರುಳುತ್ತ ಬರುತ್ತದೆ. ಈ ಕಣಿವೆಯಲ್ಲಿ ಎಲ್ಲಕ್ಕಿಂತ ಕೆಳಗೆ ಬಿದ್ದಿರುವುದು ಆ ರಾಶಿ. ಅದರಲ್ಲಿ ಹನಿ ನೀರೂ ನಿಲ್ಲದು. ಅದರ ಮೇಲೆ ಕಾಲಾಂತರದಲ್ಲಿ ಮಣ್ಣು ಕೂತಿತು. ಆಮೇಲೆ ಬಂದ ತೆಳು ಲಾವಾ ಆ ಮಣ್ಣನ್ನು ಇಟ್ಟಿಗೆಯಂತೆ ಸುಟ್ಟು ಕೆಂಪು ಮಾಡಿ, ತಾನು ಗುಳ್ಳೆಗುಳ್ಳೆಯ ಕರಿಕಲ್ಲಾಗಿ ಕೂತಿತು. ಮಳೆನೀರು ಕರಿಕಲ್ಲಿನ ಬಿರುಕಿನಲ್ಲಿ ಇಳಿದು ಕೆಂಪಿನ ಮೇಲೆ ನಿಲ್ಲುತ್ತದೆ.

"ಕೆಂಪು ಬಂದ್ರೆ ನಿಲ್ಲು," ಎನ್ನುತ್ತಿದ್ದ ಅಪ್ಪ. "ಅದು ಪಾತ್ರೆಯ ತಳ. ತಳಕ್ಕೆ ತೂತು ಹಾಕೋನಂಥ ಮೂರ್ಖ ಇನ್ನೊಬ್ಬನಿಲ್ಲ."

ಕೆಂಪಿನ ಮೇಲೆ ನಿಂತ ನೀರು ಇಳಿಜಾರಿನ ಬುಡದಲ್ಲಿ ಚಿಲುಮೆಯಾಗಿ ಹೊರಬರುತ್ತಿತ್ತು. ಅಲ್ಲಿಯೇ ಅಕ್ಕನ ಬಟ್ಟೆ ಒಗೆಯುವ ಅಂಗಡಿ. ಚಿಲುಮೆ ನೇರವಾಗಿ ಅವಳ ಕಲ್ಲುತೊಟ್ಟಿಗೆ ಬೀಳುತ್ತಿತ್ತು. ಅಮ್ಮ ಬೇಗ ಹೋದ ಮೇಲೆ ಆ ತೊಟ್ಟಿಯಲ್ಲಿ ಊರಿನವರ ಹಾಸಿಗೆಬಟ್ಟೆ ಒಗೆದೇ ಅವಳು ತಮ್ಮನನ್ನು ಸಾಕಿದ್ದು. ಅವನು ಬೋರಿನ ಯಂತ್ರ ಕೊಂಡಾಗ ಕೈಬಳೆ ಬಿಚ್ಚಿ ಕೊಟ್ಟವಳೂ ಅವಳೇ.

ಮೇಲಿನ ದಿಬ್ಬದ ಹೋಟೆಲಿನ ಯಜಮಾನ ಬೋರು ಹಾಕಿಸಿದ ದಿನ ಜನ ಸೇರಿದ್ದರು. ಕೆಂಪು ಪುಡಿ ಹೊರಬಿದ್ದಾಗ ಬೈರಿಗೆ ತನ್ನ ಯಂತ್ರ ನಿಲ್ಲಿಸಿದ. ನೀರಿತ್ತು, ಸಾಧಾರಣ.

"ಇಷ್ಟೇನಾ? ನಿನ್ನ ಹೆಸರು ದೊಡ್ಡದು ಅಂತ ಕರೆಸಿದ್ನಲ್ಲಯ್ಯ," ಎಂದ ಯಜಮಾನ. ಯಾರೋ ನಕ್ಕರು.

ಅಷ್ಟು ಸಾಕಾಯಿತು ನಮ್ಮ ಜಂಬದ ಕೋಳಿಗೆ. ಮತ್ತೆ ಯಂತ್ರ ಚಾಲೂ ಮಾಡಿದ. ಕೆಂಪು ಮಣ್ಣು ಕಲಸಿದ ನೀರು ಆಳೆತ್ತರ ಚಿಮ್ಮಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಕೊಳವೆಯೊಳಗೆ ಗೊಳಗೊಳ ಸದ್ದಾಗಿ, ಇದ್ದ ನೀರೂ ಕೆಳಗಿನ ಚೂಪುಗಲ್ಲಿನ ರಾಶಿಗೆ ಇಳಿದುಹೋಯಿತು. ಜೇಡಿ ತುಂಬಿದ, ಸಿಮೆಂಟು ಸುರಿದ. ಯಾವುದೂ ಅಲ್ಲಿ ನಿಲ್ಲಲಿಲ್ಲ.

ಅಕ್ಕನ ಚಿಲುಮೆ ದಿನದಿನಕ್ಕೆ ಸಣ್ಣಗಾಯಿತು. ಆ ಹೊತ್ತಿಗೆ ಅವಳ ಗೆಳತಿ ಮುಖ್ಯರಸ್ತೆಯಲ್ಲಿ ಲಾಂಡ್ರಿ ತೆರೆಯುತ್ತಿದ್ದಳು. ಪಾಲುದಾರಳಾಗಿ ಬಾ ಎಂದು ಕರೆದಿದ್ದಳು. ಅಕ್ಕ ತಮ್ಮನನ್ನು ಕೇಳಿದಳು.

"ನೀರು ಮತ್ತೆ ಬರುತ್ತೇನೋ? ನೀನು ಹೇಳಿದ್ರೆ ಇಲ್ಲೇ ಇರ್ತೀನಿ."

ಊರಿಗೆಲ್ಲ ಕಲ್ಲಿನ ಕಥೆ ಹೇಳುವವನು ಅಂದು ಕಲ್ಲಿನ ಮಾತೇ ಎತ್ತಲಿಲ್ಲ. "ಬೇಸಿಗೆ ಅಲ್ವೇನಕ್ಕ, ಮಳೆ ಬಿದ್ರೆ ಸರಿಹೋಗುತ್ತೆ," ಎಂದುಬಿಟ್ಟ.

ಅವಳು ಅವನ ಮುಖವನ್ನೇ ನೋಡಿದಳು. "ಆಯ್ತು ಬಿಡು," ಎಂದಳು. ಗೆಳತಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದಳು. ಮಳೆ ಬಿತ್ತು, ನಿಂತಿತು. ತೊಟ್ಟಿಯಲ್ಲಿ ಜೇಡ ಬಲೆ ಕಟ್ಟಿತು. ಕಡೆಗೆ ಅಕ್ಕ ಅದೇ ಲಾಂಡ್ರಿಗೆ ಇಸ್ತ್ರಿ ಕೆಲಸದವಳಾಗಿ ಸೇರಿದಳು. ಅಲ್ಲಿ ಪಾಲು ಬೇರೆಯವರ ಕೈಗೆ ಹೋಗಿತ್ತು.

ಬೈರಿಗೆ ಆ ಬೀದಿಯನ್ನೇ ತಪ್ಪಿಸಿ ಓಡಾಡಿದ. ವರ್ಷಗಳು ಹಾಗೇ ಹೋದವು. ಕೂದಲು ಬೆಳ್ಳಗಾಗಿ, ಯಂತ್ರ ಮಾರಿದ ಮೇಲೆ, ಒಂದು ಮಧ್ಯಾಹ್ನ ಲಾಂಡ್ರಿಯ ಹಿಂದಿನ ಕೋಣೆಗೆ ಹೋದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇಂಥವರನ್ನು ನೋಡಿಯೇ. ಅಕ್ಕ ಬಿಳಿ ಹೊದಿಕೆಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕೆಂಪು ದಾಟಿ ಕೊರೆದದ್ದು, ಮಳೆಯ ಹೆಸರಲ್ಲಿ ಸುಳ್ಳಾಡಿದ್ದು, ಎಲ್ಲವನ್ನೂ ಅವನು ನಿಂತೇ ಹೇಳಿದ. ಹೇಳುತ್ತ ಅತ್ತ.

ಅವಳು ಕೈ ನಿಲ್ಲಿಸಲಿಲ್ಲ. "ನೀನು ಬೋರು ಹಾಕಿದ ದಿನ ಸಂಜೆ ತೊಟ್ಟಿಗೆ ಕೆಂಪುನೀರು ಬಂತು ಕಣೋ. ನೆನೆಸಿಟ್ಟಿದ್ದ ಬಿಳಿ ಬಟ್ಟೆ ಅಷ್ಟೂ ಹಾಳಾಯ್ತು. ನಾನೂ ಅಪ್ಪನ ಮಗಳೇ ಅಲ್ವಾ?"

"ಗೊತ್ತಿದ್ದೂ ಯಾಕಕ್ಕ ಅಲ್ಲೇ ಉಳಿದೆ?"

"ನಾನೇ ಹೊರಟುಹೋಗಿದ್ರೆ ನೀನು ಯಾವತ್ತೂ ಬಾಯಿ ಬಿಡ್ತಿರಲಿಲ್ಲ. ಇವತ್ತು ಬಂದು ಹೇಳ್ತಾನೆ, ನಾಳೆ ಬಂದು ಹೇಳ್ತಾನೆ ಅಂತ ಕಾದೆ. ನೀರಿಗೆ ಯಾರು ಕಾದ್ರು?"

ಅವನು ಹೊದಿಕೆಯ ಇನ್ನೊಂದು ತುದಿ ಹಿಡಿಯಲು ಕೈ ಚಾಚಿದ.

"ಬೇಡ," ಎಂದಳು ಅಕ್ಕ. "ಒಬ್ಬಳೇ ಮಡಿಸಿ ಅಭ್ಯಾಸ ಆಗಿದೆ."