ನೆಲಕ್ಕಿಳಿದ ಒಂದೇ ಮರ

ಅಂಕಲ್ ನಮಸ್ಕಾರ ಮಾಡಿ ಅಂಗೈ ಬಿಡಿಸಿದರೆ ಚಟ್ ಎಂದು ಸದ್ದಾಗುತ್ತಿತ್ತು. ಮರದ ಅಂಟು. ಬೆರಳಿನ ಗೆರೆಗಳಲ್ಲೆಲ್ಲ ಕಪ್ಪಗೆ ಕೂತು, ಎಷ್ಟು ಕೊಬ್ಬರಿ ಎಣ್ಣೆ ತಿಕ್ಕಿದರೂ ಹೋಗದ ಅಂಟು. ಆ ಸದ್ದನ್ನು ನಾಲಿಗೆಯಿಂದ ಹೊರಡಿಸುವುದನ್ನು ನಾನು ಅವರ ಮನೆ ಸೇರಿದ ಮೊದಲ ವಾರವೇ ಕಲಿತೆ. ನನಗೆ ಬೇರೆ ವಿದ್ಯೆ ಬರುವುದಿಲ್ಲ ಎಂಬುದನ್ನು ಪಾಯಾ ಲೆಬಾರ್‌ನ ಆಫೀಸಿನ ನನ್ನ ಮ್ಯಾನೇಜರ್ ದೃಢೀಕರಿಸುತ್ತಾರೆ. ಅವರ ದನಿಯನ್ನೂ ನಾನು ಮಾಡುತ್ತೇನೆ.

ಕಡಲಾಚೆಯ ಈ ದ್ವೀಪನಗರದ ಪುಂಗೋಲ್ ಬಡಾವಣೆಯಲ್ಲಿ ಅವರ ಫ್ಲ್ಯಾಟಿನ ಒಂದು ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಯಾವ ಕಿಟಕಿ ತೆಗೆದರೂ ಕ್ರೇನು ಕಾಣುತ್ತಿದ್ದ ವರ್ಷಗಳು ಅವು. ಮೈಸೂರಿನಿಂದ ಬಂದು, ಇಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ರಿಟೈರ್ ಆದ ಅಂಕಲ್, ಲೀಸಿಗೆ ಪಡೆದ ಅರ್ಧ ಎಕರೆಯಲ್ಲಿ ಆಂಟಿಯ ಜೊತೆ ಕ್ರಿಸ್‌ಮಸ್ ಮರ ಬೆಳೆಸುತ್ತಿದ್ದರು. ಬೆಂಗಳೂರಿನ ಹಳೇ ಬಂಗಲೆಗಳ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಕೊಂಬೆ ಚಾಚಿ ನಿಲ್ಲುತ್ತದಲ್ಲ, ಅದೇ ಮರ. ಉಳಿದವರು ಚಳಿದೇಶಗಳಿಂದ ಕಡಿದ ಮರ ತರಿಸಿ ಮಾರುತ್ತಿದ್ದರು. ಅಂಕಲ್ ಕಡಿಯುತ್ತಿರಲಿಲ್ಲ, ಮಾರುತ್ತಲೂ ಇರಲಿಲ್ಲ. ಕುಂಡದ ಸಮೇತ ಬಾಡಿಗೆಗೆ ಕೊಡುತ್ತಿದ್ದರು. ಡಿಸೆಂಬರಿನಲ್ಲಿ ಹೋದ ಮರ ಜನವರಿಯಲ್ಲಿ ವಾಪಸ್. ಮುಂದಿನ ವರ್ಷ ಅದೇ ಮನೆಗೆ ಅದೇ ಮರ, ಒಂದು ಗೇಣು ಎತ್ತರವಾಗಿ.

ಲಾರಿ ಹತ್ತಿಸುವ ಮುಂಚೆ ಆಂಟಿ ಪ್ರತಿ ಕುಂಡಕ್ಕೂ ಅರಿಶಿನ ಕುಂಕುಮ ಹಚ್ಚಿ, ಬುಡಕ್ಕೆ ಹಿಡಿ ಅಕ್ಕಿ, ಒಂದಚ್ಚು ಬೆಲ್ಲ ಇಟ್ಟು ಮಡಿಲು ತುಂಬುತ್ತಿದ್ದರು. ಒಮ್ಮೆ ಯಾವುದೋ ಕಾಂಡೋ ಅಪಾರ್ಟ್‌ಮೆಂಟಿನ ಹೆಂಗಸು ಫೋನ್ ಮಾಡಿ, ಮನೆತುಂಬ ಇರುವೆ ಎಂದು ಕೂಗಾಡಿದಳು.

"ಬೆಲ್ಲ ಒಂದು ಬಿಟ್ಟುಬಿಡೇ," ಅಂದರು ಅಂಕಲ್.

"ಹೋಗೋ ಮಗೂನ ಬರೀ ಮಡಿಲಲ್ಲಿ ಕಳಿಸಕ್ಕಾಗುತ್ತೇನ್ರೀ?"

ಅಂಕಲ್ ಪೊರಕೆ ಹಿಡಿದು ಕಾಂಡೋಗೆ ಹೋಗಿ ಇರುವೆ ಗುಡಿಸಿ ಬಂದರು. ಮುಂದಿನ ವರ್ಷವೂ ಬೆಲ್ಲ ಹೋಯಿತು, ಹಿಂದೆಯೇ ಪೊರಕೆ ಹೋಯಿತು.

ಅವರು ಮೊಟ್ಟಮೊದಲು ಮೊಳೆಸಿದ ಮರ ಗೇಟಿನ ಪಕ್ಕ ಒಂದು ಡ್ರಮ್ಮಿನಲ್ಲಿತ್ತು. ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಅದೊಂದನ್ನಾದರೂ ನೆಲಕ್ಕೆ ಇಳಿಸಿ ಎಂದು ಆಂಟಿ ಎಷ್ಟೋ ವರ್ಷದಿಂದ ಕೇಳುತ್ತಿದ್ದರು. ಅಂಕಲ್ ಒಪ್ಪುತ್ತಿರಲಿಲ್ಲ. "ಲೀಸಿನ ನೆಲದಲ್ಲಿ ಬೇರು ಬಿಡಿಸಬಾರದು ಕಣೋ. ಆಮೇಲೆ ಕೀಳೋ ಕೆಲಸಾನೂ ನಮ್ದೇ ಆಗುತ್ತೆ," ಎಂದು ನನ್ನ ಹತ್ತಿರ ಹೇಳುತ್ತಿದ್ದರು.

ಆ ವರ್ಷ ಲೀಸು ಮುಗಿಯುವುದರಲ್ಲಿತ್ತು. ಸುತ್ತಲಿನ ತೋಟಗಳೆಲ್ಲ ಹೊಸ ಫ್ಲ್ಯಾಟುಗಳಿಗಾಗಿ ಖಾಲಿಯಾಗಿದ್ದವು. ಅವಧಿ ವಿಸ್ತರಿಸಿ ಎಂದು ಅರ್ಜಿ ಹಾಕಿ ಇಬ್ಬರೂ ಕಾಯುತ್ತಿದ್ದರು. ಆಂಟಿ ದಿನಕ್ಕೆ ಮೂರು ಸಲ ಕಟ್ಟಡದ ತಳದ ಖಾಲಿ ಹಜಾರವಾದ ವಾಯ್ಡ್ ಡೆಕ್‌ಗಿಳಿದು ಲೆಟರ್‌ಬಾಕ್ಸ್ ತೆಗೆದು ನೋಡುತ್ತಿದ್ದರು. ಊಟಕ್ಕೆ ಕೂತರೆ ತಟ್ಟೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಮಾತಿಲ್ಲದ ಮನೆ ನನ್ನಂಥವನಿಗೆ ಆಗಿಬರುವುದಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಆಫೀಸಿನಿಂದ ಮನೆಗೆ ಫೋನ್ ಮಾಡಿದೆ. ತೋಟ ನೋಡಲು ಬಂದಿದ್ದ ಅಧಿಕಾರಿಯ ಮೂಗಿನ ದನಿಯಲ್ಲಿ, ಎರಡು ವರ್ಷ ಎಕ್ಸ್‌ಟೆನ್ಶನ್ ಸಿಕ್ಕಿದೆ ಎಂದೆ. ಅಂಕಲ್ ಎತ್ತುತ್ತಾರೆ, ಒಂದು ನಿಮಿಷ ಆಟವಾಡಿಸಿ ನಕ್ಕುಬಿಡೋಣ ಎಂದಿತ್ತು. ಎತ್ತಿದ್ದು ಆಂಟಿ. ಮೂಗು ಎಳೆದುಕೊಂಡ ಸದ್ದು, ಮತ್ತೆ, "ರೀ, ಬನ್ನಿ ಇಲ್ಲಿ."

ಅಂಕಲ್ ಬಂದರು. ಆಂಟಿಯ ಆ ದನಿ ಕೇಳಿದ ಮೇಲೆ ನಕ್ಕುಬಿಡಲು ನನಗಾಗಲಿಲ್ಲ. ಅದೇ ದನಿಯಲ್ಲಿ ಅದನ್ನೇ ಮತ್ತೆ ಹೇಳಿ, "ಕಂಗ್ರಾಚುಲೇಶನ್ಸ್ ಸರ್" ಎಂದೂ ಸೇರಿಸಿದೆ. "ಥ್ಯಾಂಕ್ಯೂ," ಎಂದು ಫೋನ್ ಇಟ್ಟರು.

ಸಂಜೆ ಮನೆಯಲ್ಲಿ ಒಬ್ಬಟ್ಟು. ನಾನು ನಾಚಿಕೆಯಿಲ್ಲದೆ ಎರಡು ತಿಂದೆ.

ಮಾರನೆಯ ಬೆಳಿಗ್ಗೆ ತಪ್ಪೊಪ್ಪಿಕೊಳ್ಳಲು ತೋಟಕ್ಕೆ ಹೋದರೆ ಅಂಕಲ್ ಗೇಟಿನ ಪಕ್ಕ ಗುಂಡಿ ತೋಡುತ್ತಿದ್ದರು.

"ಅಂಕಲ್, ನಿನ್ನೆ ಫೋನ್ ಮಾಡಿದ್ದು..."

"ಗೊತ್ತು. ಆ ಹಾರೆ ಕೊಡಿಲ್ಲಿ."

"ಹೇಗೆ ಗೊತ್ತಾಯ್ತು?"

"ಆ ಮನುಷ್ಯ ಯಾವತ್ತಾದ್ರೂ ನಂಗೆ ಸರ್ ಅಂದಿದ್ದಾನೇನೋ? ಮಿಮಿಕ್ರಿ ಮಾಡೋನಿಗೆ ಅಷ್ಟೂ ಬೇಡ್ವಾ?"

"ಆಂಟಿಗೆ ಹೇಳ್ಬಿಡ್ತೀನಿ."

"ಹೇಳಿದ್ರೆ ಈ ಅಂಟು ನಿನ್ನ ನಾಲಿಗೆಗೆ ಬಳೀತೀನಿ. ಹತ್ತು ದಿನದ ಮೇಲೆ ನಿನ್ನೆ ಹೊಟ್ಟೆತುಂಬ ಉಂಡಿದಾಳೆ. ಪತ್ರ ಬಂದಾಗ ಬರಲಿ."

ಡ್ರಮ್ಮು ಓರೆ ಮಾಡಿ ಇಬ್ಬರೂ ಮರವನ್ನು ಇಳಿಸಿದೆವು. ಆಂಟಿ ಬುಡಕ್ಕೆ ಅಕ್ಕಿ ಹಾಕಿ ಮಣ್ಣನ್ನು ಬರಿಗಾಲಲ್ಲಿ ಮೆಟ್ಟಿದರು. ಬೆಲ್ಲ ಇಡಲಿಲ್ಲ. "ಇದು ಎಲ್ಲಿಗೂ ಹೋಗಲ್ವಲ್ಲ," ಅಂದರು.

ಪತ್ರ ಮುಂದಿನ ವಾರ ಬಂತು. ವಿಸ್ತರಣೆ ಇಲ್ಲ. ಅಂಕಲ್ ಓದಿ ಹೇಳಿದರು, ಆಂಟಿ ಕೇಳಿಸಿಕೊಂಡು ಒಳಗೆ ಹೋದರು. ಹಾಗಾದರೆ ಆ ಫೋನ್ ಯಾರದು ಎಂದು ಅವರು ಕೇಳಲೇ ಇಲ್ಲ. ಬದುಕಿಕೊಂಡೆ ಅಂದುಕೊಂಡೆ ನಾನು.

ಕುಂಡದ ಮರಗಳನ್ನು ಬಾಡಿಗೆಗೆ ಒಯ್ಯುತ್ತಿದ್ದವರೇ ಬಂದು ಖಾಯಂ ಆಗಿ ಕೊಂಡೊಯ್ದರು. ಇರುವೆಯ ಹೆಂಗಸೂ ಬಂದಳು; ಲಾರಿ ಹೊರಡುವ ಮುಂಚೆ ಬೆಲ್ಲಕ್ಕಾಗಿ ತಾನೇ ಕೈ ಚಾಚಿದಳು. ಗೇಟಿನ ಪಕ್ಕದ್ದು ಮಾತ್ರ ನೆಲ ಹಿಡಿದಿತ್ತು. ಜೆಸಿಬಿ ಬಂದ ದಿನ ಅಂಕಲ್ ಬೇಲಿಯಾಚೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಕೊನೆಯವರೆಗೂ ನೋಡಿದರು.

ಆಮೇಲೆ ಅವರು ಒಂದು ವರ್ಷವೂ ಇರಲಿಲ್ಲ. ಒಂದು ಬೆಳಿಗ್ಗೆ ಪೇಪರ್ ಓದುತ್ತಾ ಕೂತಲ್ಲೇ ಹೋದರು. ಕೈಗಳನ್ನು ಎದೆಯ ಮೇಲೆ ಜೋಡಿಸುವಾಗ ನೋಡಿದೆ. ಬೆರಳುಗಳು ಬೆಳ್ಳಗಿದ್ದವು, ಯಾವುದೋ ಬ್ಯಾಂಕಿನವರ ಬೆರಳಿನಂತೆ.

ಹದಿಮೂರನೇ ದಿನ ನೆಂಟರೆಲ್ಲ ಹೋದ ಮೇಲೆ ಆಂಟಿ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಆ ಆಫೀಸರ್ ಥರ ಒಂದ್ಸಲ ಮಾತಾಡು."

"ನಿಮಗೆ ಗೊತ್ತಿತ್ತಾ?"

"ಅಡುಗೆಮನೇಲಿ ದಿನಾ ಮಾಡಿ ತೋರಿಸ್ತಿದ್ಯಲ್ಲೋ ಆ ದನೀನ. ಮೊದಲು ನಂಬಿದ್ದೆ. ಇವರು ಫೋನ್ ಹಿಡಿದಾಗ ಪಕ್ಕದಿಂದ ಮತ್ತೆ ಕೇಳಿಸ್ಕೊಂಡೆ, ಗೊತ್ತಾಯ್ತು. ಆದ್ರೆ ಇವರ ಮುಖ ನೋಡಿದೆ, ನಗ್ತಾ ಇದ್ರು. ನಂಬಿದಾರೆ ಪಾಪ, ನಾನ್ಯಾಕೆ ಕೆಡಿಸ್ಲಿ ಅಂತ ಒಬ್ಬಟ್ಟಿಗೆ ಬೇಳೆ ಇಟ್ಟೆ."

ಅಂಕಲ್‌ಗೂ ಗೊತ್ತಿತ್ತು ಎಂದು ನಾನು ಹೇಳಲಿಲ್ಲ. ಅವರು ಹೇಳಬೇಡ ಎಂದಿದ್ದರು.

"ಹೇಳೋ. ಎರಡು ವರ್ಷ ಅಂತ ಹೇಳು."

ಮೂಗಿನಿಂದ ದನಿ ತೆಗೆದು ಹೇಳಿದೆ. ಆಂಟಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂಕಲ್ ಇರುತ್ತಿದ್ದ ರೂಮಿನ ಕಡೆ ತಿರುಗಿ, ಅವತ್ತಿನ ಹಾಗೇ ಕರೆದರು, "ರೀ, ಬನ್ನಿ ಇಲ್ಲಿ."