ಜೇಬಿನೊಳಗಿನ ಬಲಗೈ

ನಮ್ಮ ದೊಡ್ಡಪ್ಪನ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡು ಕಾಗದ ಕತ್ತರಿಸುವ ಮೆಷಿನ್ನಿನ ಪಾಲಾಗಿ ಬಹಳ ಕಾಲವಾಯಿತು. ಬೀದಿಯ ಮಕ್ಕಳಿಗೆ ಆ ಕೈಯೆಂದರೆ ಆಟದ ಸಾಮಾನು. ಮುಟ್ಟಿ ನೋಡುತ್ತಾರೆ, ಬೆರಳು ಎಲ್ಲಿ ಹೋಯ್ತು ಎಂದು ಕೇಳುತ್ತಾರೆ. "ಹಸಿವಾಗಿತ್ತು, ತಿಂದುಬಿಟ್ಟೆ" ಅನ್ನುತ್ತಾರೆ ದೊಡ್ಡಪ್ಪ. ಗೋಂದಣ್ಣ ಬಂದರೆ ಮಾತ್ರ ಅದೇ ಕೈ ಸರಕ್ಕನೆ ಪ್ಯಾಂಟಿನ ಜೇಬು ಸೇರುತ್ತದೆ. ಕೆಲಸಕ್ಕೆ ಕೂತರೆ ಅದಕ್ಕೊಂದು ಬಟ್ಟೆ ಸುತ್ತಿಕೊಳ್ಳುತ್ತಾರೆ.

ಗೋಂದಣ್ಣ ಬೇರೆ ಯಾರೂ ಅಲ್ಲ, ಬೈಂಡಿಂಗ್ ಅಂಗಡಿಯಲ್ಲಿ ದೊಡ್ಡಪ್ಪನ ಪಾಲುದಾರ. ಅವನ ಕೈ ಸದಾ ಗೋಂದುಮಯವಾಗಿದ್ದುದರಿಂದ ಆ ಹೆಸರು ಅಂಟಿಕೊಂಡಿತು. ಇಬ್ಬರೂ ಮೀಸೆ ಮೂಡುವ ವಯಸ್ಸಿನಲ್ಲೇ ಜೊತೆಯಾದವರು. ನಾವು ಕ್ರೈಸ್ತರು, ಅವನು ಹಿಂದೂ. ಬೆನ್ನು ಹರಿದ ಪಠ್ಯಪುಸ್ತಕ, ಚರ್ಚಿನ ಹಾಡಿನ ಪುಸ್ತಕ, ಯಾರದೋ ಮನೆಯ ಪಾರಾಯಣ ಗ್ರಂಥ ಎಲ್ಲವೂ ಅಲ್ಲಿ ಒಂದೇ ಹಲಗೆಯ ಕೆಳಗೆ ಒತ್ತಿಸಿಕೊಂಡು ಒಣಗುತ್ತವೆ. ಹಾಗೆಂದು ಎಲ್ಲ ಧರ್ಮವೂ ಒಂದೇ ಎಂದು ಸಾರಿಸಿ ಗುಡಿಸಿ ಹೋಗುವವರನ್ನು ಕಂಡರೆ ಇಬ್ಬರಿಗೂ ಆಗುವುದಿಲ್ಲ. ನನಗೂ ಅಷ್ಟೇ. ಒಂದೇ ಆಗಿದ್ದರೆ ಇಷ್ಟು ವರ್ಷ ಇವರು ಜಗಳವಾಡಿದ್ದು ದಂಡವಾಗುತ್ತಿತ್ತಲ್ಲ!

ಬೆರಳು ಹೋದ ಕಥೆ ಚಿಕ್ಕದು. ಆ ಮೆಷಿನ್ನಿಗೆ ಇಬ್ಬರು ಬೇಕು. ಒಬ್ಬ ಕಾಗದದ ಕಟ್ಟನ್ನು ನೇರವಾಗಿ ಹಿಡಿಯಬೇಕು, ಇನ್ನೊಬ್ಬ ಹಿಡಿಕೆ ಎಳೆಯಬೇಕು. ದೊಡ್ಡಪ್ಪ ಕಟ್ಟು ಜೋಡಿಸಿ ಕೈ ತೆಗೆದರು. ಒಂದು ಹಾಳೆ ಹೊರಗೆ ಚಾಚಿದ್ದು ಕಂಡು ಮತ್ತೆ ಕೈ ಹಾಕಿದರು. ಅಷ್ಟರಲ್ಲಿ ಗೋಂದಣ್ಣ ಹಿಡಿಕೆ ಎಳೆದಾಗಿತ್ತು. ತಪ್ಪು ನನ್ನದೂ ಹೌದು, ನಿನ್ನನ್ನು ಕ್ಷಮಿಸಿದ್ದೇನೆ ಎಂದು ದೊಡ್ಡಪ್ಪ ಆಸ್ಪತ್ರೆಯ ಮಂಚದ ಮೇಲೆಯೇ ಹೇಳಿದರು. ಆ ಮಾತು ಗೋಂದಣ್ಣನ ತಲೆಯೊಳಗೆ ಹೋಗಲೇ ಇಲ್ಲ.

ಅಂದಿನಿಂದ ಅವನು ಹಿಡಿಕೆ ಮುಟ್ಟಿಲ್ಲ, ಕುರ್ಚಿಯ ಮೇಲೂ ಕೂತಿಲ್ಲ. ಮೂಲೆಯ ಸ್ಟೂಲೇ ಗತಿ. ಬೆಳಿಗ್ಗೆ ದೊಡ್ಡಪ್ಪನಿಗಿಂತ ಮೊದಲೇ ಬಂದು ಅವರ ಸೂಜಿಗಳಿಗೆಲ್ಲ ದಾರ ಪೋಣಿಸಿಡುತ್ತಾನೆ, ಟೀ ಬಗ್ಗಿಸಿ ಕೊಡುತ್ತಾನೆ, ಹೋಗೋ ಬಾರೋ ಎನ್ನುತ್ತಿದ್ದವನು ಹೋಗಿ ಬನ್ನಿ ಎನ್ನುತ್ತಾನೆ. "ನನಗೆ ಆಳು ಬೇಡ ಕಣೋ, ಜೊತೆಗಾರ ಬೇಕು" ಎಂದು ದೊಡ್ಡಪ್ಪ ರೇಗಿದ್ದಕ್ಕೆ ಲೆಕ್ಕವಿಲ್ಲ. ಹಿಡಿಕೆಯನ್ನು ದೊಡ್ಡಪ್ಪ ಒಬ್ಬರೇ ಎಡಗೈಯಲ್ಲಿ ಎಳೆಯುತ್ತಾರೆ. ಕಟ್ಟು ಸ್ವಲ್ಪ ಜರುಗುತ್ತದೆ. ಹಾಗಾಗಿ ನಮ್ಮ ಅಂಗಡಿಯಲ್ಲಿ ಕಟ್ಟಿದ ಪುಸ್ತಕವೆಂದರೆ ಅಂಚು ಒಂದಿಷ್ಟು ವಾರೆ ಎಂದು ಊರಿಗೆಲ್ಲ ಗೊತ್ತು.

ನಾನು ಶಾಲೆಯಲ್ಲಿ ಟೀಚರ್, ಭಾನುವಾರ ಚರ್ಚಿನಲ್ಲೂ ಮಕ್ಕಳಿಗೆ ಪಾಠ ಹೇಳುತ್ತೇನೆ. ಸಂಜೆ ಅಂಗಡಿಗೆ ಹೋಗಿ ರಟ್ಟಿಗೆ ಬಟ್ಟೆ ಅಂಟಿಸಿಕೊಡುವುದು ರೂಢಿ. ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ.

"ಮಾಮ, ದೊಡ್ಡಪ್ಪ ಕ್ಷಮಿಸಿಯಾಯ್ತಲ್ಲ. ಮತ್ಯಾಕೆ ಈ ತಪಸ್ಸು?"

"ಅವರು ಬಿಟ್ರು ಮಗಳೇ. ಮಾಡಿದ ಕೆಲಸ ನನ್ನ ಬಿಡಬೇಕಲ್ಲ? ಬಿತ್ತಿದ್ದು ನಾನು. ಮೊಳಕೆ ಬರೋಕೆ ಅದೇನು ಅವರ ಅಪ್ಪಣೆ ಕೇಳುತ್ತಾ?"

"ನಮ್ಮಲ್ಲಿ ಆ ಬೆಳೆನ ಬೇರೆಯವರು ಕೊಯ್ದಿದ್ದಾರೆ ಮಾಮ. ಯೇಸು ಶಿಲುಬೆ ಮೇಲೆ ಅದನ್ನೇ ಮಾಡಿದ್ದು."

"ಅದೇ ನನಗೆ ಗಂಟಲಲ್ಲಿ ಇಳಿಯಲ್ಲ. ತಪ್ಪು ನಂದು, ಮೊಳೆ ಹೊಡೆಸ್ಕೊಂಡೋನು ಅವನು. ಇದ್ಯಾವ ನ್ಯಾಯ?"

"ನ್ಯಾಯ ಅಲ್ಲ, ಕೃಪೆ."

ಗೋಂದಣ್ಣ ನಕ್ಕ. "ಕೃಪೆ ನಿಮ್ಮದೊಂದೇ ಗುತ್ತಿಗೆ ಅಲ್ಲ ಕಣಮ್ಮ. ಶರಣಾದವರ ಕರ್ಮ ದೇವರೇ ಸುಡ್ತಾನೆ ಅಂತ ನಮ್ಮಪ್ಪ ದಿನಾ ಪಾರಾಯಣ ಮಾಡ್ತಿದ್ರು. ಆದ್ರೆ ಬೆರಳು ಕಳಕೊಂಡವರು ಎದುರಿಗೇ ಇರುವಾಗ, ಅವರನ್ನ ದಾಟಿಕೊಂಡು ದೇವರ ಹತ್ರ ಮಾಫಿ ಕೇಳೋಕೆ ನನಗೆ ಮುಖ ಇಲ್ಲ."

ದೊಡ್ಡಪ್ಪ ಮಾತು ತಿರುಗಿಸಿದರು. "ಪುನರುತ್ಥಾನದ ದಿನ ನೋಡ್ತಿರು, ಹತ್ತೂ ಬೆರಳಿನ ಜೊತೆ ಎದ್ದು ಕೂರ್ತೀನಿ. ನೀನು ಅಷ್ಟು ಹೊತ್ತಿಗೆ ಯಾವ ಜನ್ಮದಲ್ಲಿ ಜಿರಳೆಯಾಗಿರ್ತೀಯೋ!"

"ಜಿರಳೆಯಾದ್ರೂ ನಿಮ್ಮ ಅಂಟು ನೆಕ್ಕೋಕೆ ಇಲ್ಲಿಗೇ ಬರ್ತೀನಿ. ಹತ್ತು ಬೆರಳಿದ್ರೆ ನಿಮ್ಮನ್ನ ಗುರುತು ಹಿಡಿಯೋದೇ ಕಷ್ಟ."

ಇಬ್ಬರೂ ನಗುತ್ತಲೇ ಇದ್ದರು, ದೊಡ್ಡಪ್ಪನ ಕೈ ಮಾತ್ರ ಜೇಬಿನಲ್ಲಿತ್ತು.

ಕೆಲವು ತಿಂಗಳ ಮೇಲೆ ಗೋಂದಣ್ಣ ಒಂದು ಹಳೆಯ ಪುಸ್ತಕ ಹಿಡಿದು ಬಂದ. ಅವನ ಅಪ್ಪನ ಪಾರಾಯಣದ ಪುಸ್ತಕ, ಹೊಲಿಗೆ ಬಿಚ್ಚಿ ಹಾಳೆಗಳೆಲ್ಲ ಹೊರಬಂದಿದ್ದವು. "ಇದೊಂದು ಕಟ್ಟಿ ಮೊಮ್ಮಗಳ ಕೈಗೆ ಕೊಟ್ಟು ಕೆಲಸ ನಿಲ್ಲಿಸ್ತೀನಿ. ಕಣ್ಣು ಮಂಜಾಯ್ತು" ಎಂದ. ಆಮೇಲೆ ನೆಲ ನೋಡುತ್ತ ಸೇರಿಸಿದ, "ನಿಮ್ಮ ಋಣ ಈ ಜನ್ಮದಲ್ಲಿ ತೀರಲಿಲ್ಲ. ಮುಂದಿನದರಲ್ಲಿ ನೋಡೋಣ."

ದೊಡ್ಡಪ್ಪನ ಮುಖ ಸಣ್ಣದಾಯಿತು. "ನನಗೆ ಮುಂದಿನದು ಇಲ್ವಲ್ಲೋ" ಎಂದರು. "ಇರೋದು ಇದೊಂದೇ. ಇದರಲ್ಲೇ ಮುಗಿಸಿ ಹೋಗೋ."

ಗೋಂದಣ್ಣ ಪುಸ್ತಕ ಮೇಜಿನ ಮೇಲಿಟ್ಟು ಹೊರಟುಹೋದ. ದೊಡ್ಡಪ್ಪ ಅವನ ಹಿಂದೆ ಬಾಗಿಲವರೆಗೆ ಹೋಗಿ ವಾಪಸ್ ಬಂದು ಕೂತರು. ಗೆಳೆಯನನ್ನು ಹೀಗೆ ಸಾಲಗಾರನ ಹಾಗೆ ಕಳಿಸಿ ತಾವು ಸಾಯುವುದು ಅವರಿಗೆ ಬೇಕಿರಲಿಲ್ಲ. ನನ್ನ ಬಾಯಿಯಂತೂ ಮೊದಲೇ ಹತೋಟಿಯಲ್ಲಿರುವುದಿಲ್ಲ.

"ದೊಡ್ಡಪ್ಪ, ಈ ಭಾನುವಾರ ನನ್ನ ಪಾಠ ಯಾವುದು ಗೊತ್ತಾ? ಯೇಸು ಸತ್ತು ಎದ್ದು ಬಂದಮೇಲೆ ಶಿಷ್ಯರಿಗೆ ಕೈ ತೋರಿಸಿದ್ದು. ಮೊಳೆಯ ಗಾಯ ಹಾಗೇ ಇತ್ತು. ಅವನನ್ನ ಹಿಡಿದಾಗ ಬಿಟ್ಟು ಓಡಿದವರೇ ಅವರೆಲ್ಲ. ಅವರ ಮುಂದೆ ಕೈ ಮುಚ್ಚಿಡಲಿಲ್ಲ, ಮುಟ್ಟಿ ನೋಡಿ ಅಂದ. ನೀವು ಬೀದಿ ಮಕ್ಕಳಿಗೆಲ್ಲ ತೋರಿಸ್ತೀರಿ, ಆ ಮನುಷ್ಯನಿಗೆ ಮಾತ್ರ ತೋರಿಸಲ್ಲ."

"ಅವನಿಗೆ ನೋವಾಗುತ್ತೆ ಅಂತ..."

"ನೀವು ಮುಚ್ಚಿಡೋದು ಅವರಿಗೆ ಹೇಗೆ ಕಂಡಿದ್ಯೋ ಯಾರಿಗೆ ಗೊತ್ತು?"

ದೊಡ್ಡಪ್ಪ ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟು ಅದನ್ನೇ ನೋಡಿದರು.

ಆ ವಾರ ಅವರೇ ಪುಸ್ತಕ ಹೊಲಿದರು, ಗೋಂದಣ್ಣ ಬೆನ್ನಿಗೆ ಅಂಟು ಹಚ್ಚಿದ. ಉಳಿದದ್ದು ಅಂಚು ಕತ್ತರಿಸುವುದು. ದೊಡ್ಡಪ್ಪ ಪುಸ್ತಕವನ್ನು ಮೆಷಿನ್ನಿಗೆ ಇಟ್ಟರು. ಬಲಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬದಿಗೆಸೆದು, ಮೂರು ಬೆರಳಿನ ಕೈಯಿಂದಲೇ ಅದನ್ನು ಒತ್ತಿ ಹಿಡಿದರು.

"ಇದು ವಾರೆ ಆಗಬಾರದು. ನಿಮ್ಮಪ್ಪನ ಪುಸ್ತಕ. ನಾನು ಹಿಡ್ಕೊಂಡಿದೀನಿ, ನೀನು ಎಳಿ."

ಗೋಂದಣ್ಣ ಗೋಡೆಗೆ ಅಂಟಿಕೊಂಡ. "ಕೈ ತೆಗೀರಿ."

"ತೆಗೆಯಲ್ಲ."

"ತಮಾಷೆ ಬೇಡ, ತೆಗೀರಿ ಅಂದ್ನಲ್ಲ!"

"ಕ್ಷಮಿಸಿದೀನಿ ಅಂತ ಬಾಯಲ್ಲಿ ಹೇಳಿದೆ, ನೀನು ನಂಬಲಿಲ್ಲ. ಈಗ ಕೈ ಇಟ್ಟು ಹೇಳ್ತಿದೀನಿ. ಎಳಿ."

ಕೈ ಅಲಗಿನಿಂದ ದೂರವೇ ಇತ್ತು, ಆದರೂ ನಾನು ಹಿಡಿದಿದ್ದ ರಟ್ಟು ಕೆಳಗಿಟ್ಟು ಎದ್ದುನಿಂತೆ. ಗೋಂದಣ್ಣ ಹತ್ತಿರ ಬಂದ. ಹಿಡಿಕೆ ಹಿಡಿದ, ಬಿಟ್ಟ, ಅಂಗೈ ಒರೆಸಿಕೊಂಡು ಮತ್ತೆ ಹಿಡಿದ. ಆ ಕೈಯ ಮೇಲಿಂದ ಕಣ್ಣು ಕೀಳದೆ, ಬಗ್ಗಿ, ನಿಧಾನವಾಗಿ ಎಳೆದ. ಕಾಗದದ ತೆಳು ಪಟ್ಟಿ ಸುರುಳಿಯಾಗಿ ಕೆಳಗೆ ಬಿತ್ತು. ಅಂಚು ನೂಲು ಹಿಡಿದ ಹಾಗೆ ನೇರವಾಗಿ ಬಂದಿತ್ತು.

ಅವನು ಪುಸ್ತಕ ನೋಡಲಿಲ್ಲ. ದೊಡ್ಡಪ್ಪನ ಕೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬೆರಳು ಹೋದ ಜಾಗವನ್ನು ಹೆಬ್ಬೆರಳಿನಿಂದ ಸವರಿದ.

"ಇಷ್ಟು ವರ್ಷ ಯಾಕೋ ಮುಚ್ಚಿಟ್ಟೆ? ನಿನ್ನ ಹೊಟ್ಟೇಲಿ ಸಿಟ್ಟು ಇನ್ನೂ ಇದೆ, ಅದಕ್ಕೇ ನನಗೆ ತೋರಿಸಲ್ಲ ಅಂದ್ಕೊಂಡಿದ್ದೆ."

"ನಾನು ದಡ್ಡ" ಎಂದರು ದೊಡ್ಡಪ್ಪ. ಇಬ್ಬರ ಕಣ್ಣಲ್ಲೂ ನೀರಿತ್ತು. ನನಗೂ ಬಂತು, ನಾಚಿಕೆಯೇನಿಲ್ಲ.

ಗೋಂದಣ್ಣ ಮೂಗೊರೆಸಿಕೊಂಡು ನನ್ನ ಕಡೆ ತಿರುಗಿದ. "ನೋಡು ಟೀಚರಮ್ಮ, ಕರ್ಮ ಸುಳ್ಳು ಅಂತ ನಾನೇನೂ ಒಪ್ಪಿಲ್ಲ."

"ಒಪ್ಪಬೇಡಿ ಮಾಮ. ನಾಳೆ ಮತ್ತೆ ಜಗಳ ಆಡೋಣ."

ಅವನು ಸ್ಟೂಲಿನ ಕಡೆ ಹೋದವನು ಅದನ್ನು ದಾಟಿ ಕುರ್ಚಿ ಎಳೆದುಕೊಂಡ. ಕಾಲು ಚಾಚಿ, ಬೆನ್ನು ಒರಗಿಸಿ ಕೂತ.

"ಕಾಲು ಸೋತಿದೆ ಕಣೋ" ಎಂದ ದೊಡ್ಡಪ್ಪನಿಗೆ. "ಇವತ್ತು ಟೀ ನೀನೇ ಬಗ್ಗಿಸಿ ಕೊಡು."