ಬಿಯರಿಗೆ ನುಚ್ಚು ನೋಡುತ್ತಿದ್ದ ಕಾಕಾ

ಅವರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಅಕ್ಕಿಕಾಳು ಕೂರುವಷ್ಟು ತಗ್ಗು ಬಿದ್ದಿತ್ತು. ಮೂವತ್ತು ವರ್ಷ ದಿನವೂ ಹಸಿ ಅಕ್ಕಿ ಕಚ್ಚಿ ಕಚ್ಚಿ ಸವೆದ ಜಾಗ ಅದು. ತಲೆಗೂದಲು ಇನ್ನೂ ಕಪ್ಪಗಿದ್ದರೂ ಹುಬ್ಬು ಮಾತ್ರ ತೌಡಿನ ಧೂಳಿನಿಂದ ಸದಾ ಬೆಳ್ಳಗಿರುತ್ತಿತ್ತು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಗಂಗಾವತಿಯ ಆ ಅಕ್ಕಿ ಗಿರಣಿಯಲ್ಲಿ ಮಾಲೀಕರಿಂದ ಹಿಡಿದು ಹಮಾಲರವರೆಗೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ನಾನು ಆಗ ಒಂದು ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ನಮ್ಮ ಬಿಯರಿಗೆ ಬಾರ್ಲಿಯ ಜೊತೆ ಅಕ್ಕಿ ನುಚ್ಚೂ ಬೀಳುತ್ತಿತ್ತು ಎಂಬುದು ಅದನ್ನು ಕುಡಿಯುವವರಲ್ಲೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಗಿರಣಿಯಲ್ಲಿ ಒಡೆದು, ಅನ್ನಕ್ಕೆ ಬೆಲೆ ಸಿಗದೆ ಉಳಿದ ಕಾಳು ಅದು. ನಮಗೆ ಬರುತ್ತಿದ್ದದ್ದು ಗಂಗಾವತಿಯಿಂದ. ತಿಂಗಳಿಗೊಮ್ಮೆ ಹೋಗಿ ಮಾದರಿ ತರುವುದು ನನ್ನ ಕೆಲಸ. ಕಾರ್ಖಾನೆ ಬೇರೆ ಜಿಲ್ಲೆಯಲ್ಲಿತ್ತು, ಭಾನುವಾರ ಮಾತ್ರ ಕೊಪ್ಪಳದ ಪಕ್ಕದ ಭಾಗ್ಯನಗರದ ಮನೆಗೆ ಬರುತ್ತಿದ್ದೆ. ನಾನು ಔಷಧಿ ಕಂಪನಿಯಲ್ಲಿದ್ದೇನೆ ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡಿದ್ದಳು. ಹೆಣ್ಣು ನೋಡಲು ಬಂದವರು ಕೇಳಿದರೆ, "ಸಕ್ಕರಿ ಕಾಯಿಲಿಗೆ ಗುಳಿಗಿ ಮಾಡ್ತಾರಂತ್ರಿ" ಎಂದು ವಿವರವನ್ನೂ ಕೊಡುತ್ತಿದ್ದಳು.

ಮೊದಲ ಸಲ ಹೋದಾಗ ತೇವ ಅಳೆಯುವ ಯಂತ್ರವನ್ನು ಜಂಬದಿಂದಲೇ ಒಯ್ದಿದ್ದೆ. ಕಾಕಾ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ನುಚ್ಚು ತೆಗೆದರು, ಮೂಸಿದರು, ಎರಡು ಕಾಳು ಕಚ್ಚಿದರು. "ಹನ್ನೆರಡೂವರಿ ಐತಿ ನೋಡವ್ವಾ" ಎಂದರು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಹನ್ನೆರಡು ಪಾಯಿಂಟ್ ನಾಲ್ಕು ಎಂದಿತು. ಅವರು ಅದರ ಕಡೆ ನೋಡಲೂ ಇಲ್ಲ. ಮುಂದಿನ ಸಲದಿಂದ ನಾನು ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಮಧ್ಯಾಹ್ನ ಪರೀಕ್ಷೆ ಮುಗಿಯುವವರೆಗೆ ಅವರು ಚಹಾ ಕುಡಿಯುತ್ತಿರಲಿಲ್ಲ, ಎಲೆ ಅಡಿಕೆ ಹಾಕುತ್ತಿರಲಿಲ್ಲ, ಖಾರ ಮುಟ್ಟುತ್ತಿರಲಿಲ್ಲ. "ನಾಲಿಗಿ ಖಾಲಿ ಇರಬೇಕವ್ವಾ. ತುಂಬಿದ ಕೊಡದಾಗ ಏನ ಹಾಕತಿ?" ಎನ್ನುತ್ತಿದ್ದರು. ಊಟಕ್ಕೆ ಕೂತರೆ ಜೋಳದ ರೊಟ್ಟಿ. ಅನ್ನ ಯಾಕಿಲ್ಲ ಎಂದು ಕೇಳಿದ್ದೆ. "ದಿನಾ ಅದರ ಮಾರಿನ ನೋಡಿ ನೋಡಿ ಬ್ಯಾಸರ ಬಂದೈತಿ" ಎಂದು ನಕ್ಕರು.

ಬಿಯರ್ ಬಗ್ಗೆ ಅವರಿಗೆ ಗೊತ್ತಿದ್ದದ್ದು ನಾನು ಹೇಳಿದ್ದಷ್ಟೇ. ನುಚ್ಚಿಗೆ ತೌಡು ಅಂಟಿಕೊಂಡಿದ್ದರೆ ಅದರ ಎಣ್ಣೆಯಂಶ ಬಿಯರಿನ ಬುರುಗನ್ನು ಕೊಲ್ಲುತ್ತದೆ, ಹಳೆಯ ನುಚ್ಚಾದರೆ ಮುಗ್ಗಲು ವಾಸನೆ ಬರುತ್ತದೆ ಎಂದು ಒಮ್ಮೆ ಹೇಳಿದ್ದೆ. ಅದನ್ನು ಅವರು ಮರೆಯಲಿಲ್ಲ. ಹಮಾಲರು ವಾರದ ಬಟವಾಡೆಯ ಮರುದಿನ ಬಂದು "ಕಾಕಾ, ನಿನ್ನಿ ನಿಮ್ಮ ನುಚ್ಚು ಕುಡದ ಬಂದ್ವಿ" ಎಂದು ಕಾಡಿಸುತ್ತಿದ್ದರು. ಕಾಕಾ ಸಿಟ್ಟಾಗುವರೆಂದು ಅವರ ಲೆಕ್ಕ. ಇವರು ಗಂಭೀರವಾಗಿ "ಬುರುಗು ಹೆಂಗಿತ್ತು? ಎಷ್ಟೊತ್ತು ನಿಂತಿತ್ತು?" ಎಂದು ಕೇಳುತ್ತಿದ್ದರು. ಜನ್ಮದಲ್ಲಿ ಒಂದು ಹನಿ ಬಾಯಿಗೆ ಬಿಟ್ಟವರಲ್ಲ. ಸಾರಾಯಿ ಅಂಗಡಿ ಎದುರು ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ಹೋಗುವ ಮನುಷ್ಯ.

ಅವರು ನೋಡಿ ಕಳಿಸಿದ ಒಂದು ಲಾರಿಯೂ ನಮ್ಮ ಗೇಟಿನಿಂದ ವಾಪಸ್ ಹೋಗಿರಲಿಲ್ಲ. ಅವರ ಬಾಯಲ್ಲಿ ಹೆಮ್ಮೆಯ ಮಾತೆಂದು ನಾನು ಕೇಳಿದ್ದು ಅದೊಂದೇ.

ಆಮೇಲೆ ನಮ್ಮ ಕಾರ್ಖಾನೆಯನ್ನು ವಿದೇಶಿ ಕಂಪನಿ ಕೊಂಡಿತು. ಸೀಸೆಯ ಮೇಲಿನ ಹೆಸರು ಅದೇ, ಚಿತ್ರ ಅದೇ. ನಮ್ಮ ಕಡೆ ಮಾತ್ರ ಮಾರಾಟವಾಗುತ್ತಿದ್ದ ಎರಡು ಬಿಯರುಗಳನ್ನು ಸದ್ದಿಲ್ಲದೆ ನಿಲ್ಲಿಸಿದರು. ಉಳಿಸಿಕೊಂಡ ಒಂದಕ್ಕೆ ಹೊಸ ಪಾಕ ಬಂತು. ಅದರಲ್ಲಿ ಅಕ್ಕಿ ಇರಲಿಲ್ಲ, ಮೆಕ್ಕೆಜೋಳವಿತ್ತು, ನಮ್ಮ ಕಡೆಯ ಗೋವಿನಜೋಳ. ಎಲ್ಲ ಕಾರ್ಖಾನೆಗಳಿಗೂ ಒಂದೇ ಕಡೆಯಿಂದ ಹಿಟ್ಟು ಬರುವ ಏರ್ಪಾಡು. ಬಿಯರಿನಲ್ಲಿ ಏನಿದೆ ಎಂದು ಹೊರಗೆ ಬಾಯಿ ಬಿಡುವುದಿಲ್ಲ ಎಂಬ ಕಾಗದಕ್ಕೆ ನಮ್ಮೆಲ್ಲರ ಸಹಿ ಹಾಕಿಸಿಕೊಂಡರು. ಹೊಸಪೇಟೆ ರಸ್ತೆಯ ಧಾಬಾಗಳಲ್ಲಿ ಜನ "ಮೊದಲಿನಂಗ ಇಲ್ಲಲೇ" ಎಂದು ಗೊಣಗಿಕೊಂಡೇ ಅದನ್ನು ಕುಡಿದರು.

ಗಿರಣಿಯ ಜೊತೆಗಿನ ಕರಾರು ಇನ್ನೂ ಒಂದು ವರ್ಷ ಬಾಕಿ ಇತ್ತು. ಕಾರಣವಿಲ್ಲದೆ ಮುರಿಯುವಂತಿಲ್ಲ. ಹೊಸ ಮ್ಯಾನೇಜರ್ ನನ್ನನ್ನು ಕರೆದು, ಗೇಟಿನಲ್ಲಿ ನಿಂತಿದ್ದ ಲಾರಿಯ ವರದಿಯಲ್ಲಿ ಮುಗ್ಗಲು ವಾಸನೆ ಎಂದು ಬರೆಯಲು ಹೇಳಿದರು. ಆ ನುಚ್ಚನ್ನು ಬೆಳಿಗ್ಗೆಯೇ ಪರೀಕ್ಷಿಸಿದ್ದೆ. ಏನೂ ಕೆಟ್ಟಿರಲಿಲ್ಲ. ಆದರೂ ಬರೆದೆ. ಯಾರೂ ಕೈ ಹಿಡಿದು ಬರೆಸಲಿಲ್ಲ. ಆ ವರ್ಷ ನನ್ನ ಬಡ್ತಿಯ ಕಾಗದ ಅದೇ ಮ್ಯಾನೇಜರರ ಮೇಜಿನ ಮೇಲಿತ್ತು.

ಲಾರಿ ವಾಪಸ್ ಹೋಯಿತು. ಆ ದಿನ ಗಿರಣಿಯಲ್ಲಿ ನಡೆದದ್ದನ್ನು ಮಾಲೀಕರೇ ಆಮೇಲೆ ಫೋನಿನಲ್ಲಿ ಹೇಳಿದರು. ಹಮಾಲರೆಲ್ಲ ನಿಂತು ನೋಡುತ್ತಿರುವಾಗ ಕಾಕಾ ಒಂದೊಂದೇ ಚೀಲ ಬಿಚ್ಚಿಸಿ ಮೂಸಿದರಂತೆ. ಮುಸ್ಸಂಜೆಯವರೆಗೆ ಮೂಸಿದರೂ ಮುಗ್ಗಲು ಸಿಗದೆ ಮನೆಗೆ ಹೋದರಂತೆ.

ಅದಾಗಿ ಎರಡನೆಯ ಭಾನುವಾರ ಅವರು ಭಾಗ್ಯನಗರದ ನಮ್ಮ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಬಟ್ಟೆಚೀಲ, ಅದರೊಳಗೆ ಪೇಪರಿನಲ್ಲಿ ಸುತ್ತಿದ ಏನೋ ಒಂದು. ಅವ್ವ ತುಪ್ಪ ತಂದಿರಬೇಕೆಂದುಕೊಂಡು ಚಹಾಕ್ಕಿಟ್ಟಳು. "ಚಾ ಬ್ಯಾಡ್ರಿ ತಂಗಿ, ಒಂದು ಖಾಲಿ ಗ್ಲಾಸ್ ಕೊಡ್ರಿ" ಎಂದು ಅವರು ಪೇಪರು ಬಿಚ್ಚಿದರು. ನಮ್ಮ ಕಂಪನಿಯ ಬಿಯರು. ಅವ್ವ ಬಾಗಿಲು ಹಾಕಲು ಓಡಿದಳು. ಓಣಿಯವರು ನೋಡಿದರೆ ಗುಳಿಗೆಯ ಕಥೆ ಅಲ್ಲಿಗೇ ಮುಗಿಯಿತಲ್ಲ!

"ನಾನ ಹೋಗಿ ತಂದೆ" ಎಂದರು ಕಾಕಾ. "ನಿನ್ನಿ ಹಾಡಹಗಲ ಅಂಗಡಿಗೆ ಹೋದೆ. ನನ್ನ ನೋಡಿ ಅಂಗಡ್ಯಾವ ಎದ್ದ ನಿಂತ. ಊರ ಮಂದಿಯೆಲ್ಲಾ ನೋಡ್ಯಾರ. ಕಾಕಾ ಕುಡ್ಯಾಕ ಹತ್ಯಾನ ಅಂತ ಇಷ್ಟೊತ್ತಿಗೆ ಆನೆಗೊಂದಿಗೂ ಸುದ್ದಿ ಮುಟ್ಟಿರತೈತಿ."

ಕರಡಿಗೆಯನ್ನು ಅಂಗಿಯೊಳಗೆ ಸರಿಸಿಕೊಂಡರು. ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ಇಟ್ಟುಕೊಂಡರು. ಬಚ್ಚಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಕೂತರು.

"ಇದರಾಗ ಅಕ್ಕಿ ಇಲ್ಲ. ಗೋವಿನಜ್ವಾಳ ಐತಿ ಅನಸ್ತೈತಿ. ಹೌದೋ ಅಲ್ಲೋ ಯವ್ವಾ?"

ನಾನು ಬೆರಗಾದೆ. ಸೀಸೆಗೆ ಬಂದ ಬಿಯರಿನಲ್ಲಿ ಅದನ್ನು ಗುರುತಿಸುವುದು ಸುಲಭವಲ್ಲ. ರುಚಿ ನೋಡಲೆಂದೇ ಸಂಬಳ ಪಡೆಯುತ್ತಿದ್ದ ನಮ್ಮವರಲ್ಲೇ ಒಮ್ಮತವಿರಲಿಲ್ಲ. ಲಾರಿಯವರಿಂದ ಏನಾದರೂ ಸುಳಿವು ಸಿಕ್ಕಿತ್ತೋ, ಅಥವಾ ಅವರ ನಾಲಿಗೆ ನಿಜವಾಗಿಯೂ ಅಷ್ಟು ಶುದ್ಧವಾಗಿತ್ತೋ, ಇವತ್ತಿಗೂ ಹೇಳಲಾರೆ. ಅವರು ಕೇಳಿದ್ದು ಕಂಪನಿಯ ಗುಟ್ಟನ್ನಲ್ಲ. ಪಾಕದಲ್ಲಿ ಅಕ್ಕಿಯೇ ಇಲ್ಲವೆಂದರೆ ಲಾರಿ ವಾಪಸ್ ಬಂದ ಕಾರಣ ಬೇರೆ, ತಮ್ಮ ನಾಲಿಗೆ ತಪ್ಪಿಲ್ಲ. ಅಷ್ಟು ತಿಳಿದುಕೊಳ್ಳಲು ಅವರು ಬಸ್ಸು ಹತ್ತಿ ಬಂದಿದ್ದರು. ಹೌದು ಎಂಬ ಎರಡಕ್ಷರ ಸಾಕಿತ್ತು.

"ನನಗ ಗೊತ್ತಿಲ್ಲ ಕಾಕಾ" ಎಂದೆ.

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಹಂಗಾರ ನನ್ನ ನಾಲಿಗಿನ ಹೋಗೈತಿ ಬಿಡು" ಎಂದರು. ಸಿಟ್ಟಿರಲಿಲ್ಲ, ನನ್ನ ಮೇಲೆ ಸಂಶಯವೂ ಇರಲಿಲ್ಲ. ಪರೀಕ್ಷೆ ಮಾಡುವ ಹುಡುಗಿ ಸುಳ್ಳು ಹೇಳಬಹುದು ಎಂಬ ಯೋಚನೆಯೇ ಅವರಿಗೆ ಬಂದಂತೆ ಕಾಣಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು, ಈಗಲೂ ಕೊಡುತ್ತದೆ.

ಅವ್ವ ರೊಟ್ಟಿ ಬಡಿಸಿದಳು. ಇನ್ನೂ ಹನ್ನೊಂದು ಗಂಟೆಯಾಗಿರಲಿಲ್ಲ. ಮೆಣಸಿನಕಾಯಿ ರಂಜಕದ ಬಟ್ಟಲನ್ನು ಅವರು ತಾವೇ ಹತ್ತಿರ ಎಳೆದುಕೊಂಡು, ರೊಟ್ಟಿಯ ಮೇಲೆಲ್ಲ ಕೆಂಪಗೆ ಹಚ್ಚಿಕೊಂಡು ತಿಂದರು. "ಛಲೋ ಐತ್ರಿ ತಂಗಿ" ಎಂದು ಹೊಗಳಿದರು.

ಆಮೇಲೆ ಅವರು ಅಕ್ಕಿ ನೋಡುವುದನ್ನು ಬಿಟ್ಟರು. ಗಿರಣಿಗೆ ಯಂತ್ರ ಬಂತು. ಕಾಕಾ ತೂಕದ ಕಟ್ಟೆಯ ಹತ್ತಿರ ಕುರ್ಚಿ ಹಾಕಿಕೊಂಡು ಲಾರಿಗಳ ನಂಬರು ಬರೆಯುತ್ತಿದ್ದರು. ಯಾರಾದರೂ ಹಳೆಯ ರೂಢಿಯಂತೆ ಒಂದು ಹಿಡಿ ಅಕ್ಕಿ ತಂದು ಮುಂದೆ ಹಿಡಿದರೆ, "ಬಲ್ಲವರ್ನ ಕೇಳ್ರಪಾ" ಎಂದು ಕೈ ಸರಿಸುತ್ತಿದ್ದರಂತೆ. ನನಗೆ ಬಡ್ತಿ ಬಂತು. ಎರಡು ವರ್ಷದ ನಂತರ ಆ ಕೆಲಸ ಬಿಟ್ಟು ಕೊಪ್ಪಳದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಲು ಸೇರಿದೆ. ಪ್ರಾಯಶ್ಚಿತ್ತಕ್ಕೆಂದು ಬಿಟ್ಟೆ ಎಂದರೆ ಅದು ಇನ್ನೊಂದು ಸುಳ್ಳಾದೀತು. ಮನೆಗೆ ಹತ್ತಿರ ಎಂದು ಬಿಟ್ಟೆ. ಗಂಗಾವತಿಗೆ ಹೋಗಿ ಹೇಳಿ ಬರಬೇಕು ಎಂದು ಪ್ರತಿ ರಜೆಯಲ್ಲಿ ಅಂದುಕೊಳ್ಳುತ್ತಿದ್ದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರ ಮನೆಯಲ್ಲಿ ಸ್ವಲ್ಪ ಹೊತ್ತು ಕೂತು, ಅಲ್ಲಿಂದ ಗಿರಣಿಗೆ ಹೋದೆ. ಹಮಾಲರು ಲಾರಿ ತುಂಬುತ್ತಿದ್ದರು. ಅವರಲ್ಲಿ ಹಿರಿಯನಾದವನು ನನ್ನ ಗುರುತು ಹಿಡಿದು ಚೀಲ ಇಳಿಸಿ ನಿಂತ. ಉಳಿದವರೂ ನಿಂತರು. ಅವತ್ತು ವಾಪಸ್ ಬಂದ ನುಚ್ಚು ಚೆನ್ನಾಗಿಯೇ ಇತ್ತು, ಕೆಟ್ಟಿದೆ ಎಂದು ಬರೆದವಳು ನಾನೇ, ಬೇಕೆಂದೇ ಬರೆದೆ ಎಂದು ಅವರೆಲ್ಲರ ಎದುರು ಹೇಳಿದೆ.

ಆತ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ನಮಗ ಆವತ್ತ ಗೊತ್ತಿತ್ರಿ ಮೇಡಂ. ಅದ ನುಚ್ಚು ಮಾಲೀಕರು ನಮಗೆಲ್ಲಾ ಹಂಚಿದ್ರು, ಮಕ್ಕಳು ಮರಿ ಕೂಡಿ ತಿಂಗಳಾನಗಟ್ಟಲೆ ಉಂಡೀವಿ" ಎಂದ. "ನಾವು ಹೇಳಿದ್ರೂ ಕಾಕಾ ನಂಬಲಿಲ್ರಿ. ಓದಿದ ಹುಡುಗಿನ ಗೊತ್ತಿಲ್ಲ ಅಂದಾಳ, ನನ್ನ ನಾಲಿಗಿನ ಹೋಗೈತಿ ಅಂತಿದ್ರು."